ಬಳ್ಳಾರಿ ಸೀಮೆಯ 533 ಮಠಗಳು

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ಉದ್ದನೆಯ ಪತ್ರ ಕಳಿಸಿದ. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷದ ಜೂನ್ 25ರಂದು ಹುಕುಂ ಹೊರಡಿಸಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾವ ಜಾತಿಯ ಎಷ್ಟು ಮಕ್ಕಳು ಓದುತ್ತಾರೆ, ಏನು ಓದುತ್ತಾರೆ ಎಂದು ಕೇಳಿದ್ದ. ಕಲೆಕ್ಟರುಗಳು ತಂತಮ್ಮ ಸ್ವಭಾವಕ್ಕೆ ತಕ್ಕ ಉತ್ತರ ಕೊಟ್ಟರು. ಕೆನರಾದವನು, ನಮ್ಮಲ್ಲಿ ಕಾಯಂ ಶಾಲೆಗಳೂ ಇಲ್ಲ, ಕಲಿಸುವ ಮೇಷ್ಟರೂ ಇಲ್ಲ ಎಂಬರ್ಥದ ಮಾತು ಬರೆದು ಕೈತೊಳೆದುಕೊಂಡ. ಕೆಲವರು ಕೋಷ್ಟಕ ತುಂಬಿಸಿ ಸುಮ್ಮನಾದರು. ಕ್ಯಾಂಬೆಲ್ ವರ್ಷ ದಾಟಿಸಿದರೂ ಕೆಲಸ ಗಟ್ಟಿಯಾಗಿ ಮಾಡಿದ. ಐದು ವರ್ಷದ ಹುಡುಗನ ಕೈ ಹಿಡಿದು ಅಕ್ಕಿಯ ಮೇಲೆ ಗಣಪತಿಯ ಹೆಸರು ಬರೆಸುವುದರಿಂದ ಹಿಡಿದು, ಅವನು ಮಠ (ಶಾಲೆಗೆ ಆಗಿನ ಹೆಸರು) ಬಿಡುವ ಹೊತ್ತಿಗೆ ಏನೇನು ಬಾಯಿಪಾಠ ಮಾಡಿರುತ್ತಾನೆ ಎಂಬುದರ ತನಕ ಬರೆದಿಟ್ಟ.

ಇವನು ಬರೀ ಕಂದಾಯದ ಮನುಷ್ಯನಾಗಿರಲಿಲ್ಲ. 1816ರಲ್ಲೇ ತೆಲುಗಿಗೆ ವ್ಯಾಕರಣ ಬರೆದು ಮದರಾಸಿನಲ್ಲಿ ಅಚ್ಚು ಹಾಕಿಸಿದವನು. ಆ ಪುಸ್ತಕದ ಪೀಠಿಕೆಗೆ ಎಫ್. ಡಬ್ಲ್ಯು. ಎಲ್ಲಿಸ್ ಸೇರಿಸಿದ ಟಿಪ್ಪಣಿಯಲ್ಲೇ ತಮಿಳು, ತೆಲುಗು, ಕನ್ನಡ ಒಂದೇ ಬುಡದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬ ವಾದ ಬಂದದ್ದು, ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮುಂಚೆ. ನುಡಿಯ ಗೀಳು ಹತ್ತಿದ್ದ ಅಧಿಕಾರಿಯೊಬ್ಬ ಆ ಹೊತ್ತಿಗೆ ಬಳ್ಳಾರಿಯಲ್ಲಿದ್ದದ್ದು ನಮ್ಮ ಸೀಮೆಯ ಪುಣ್ಯ ಎನ್ನಬೇಕು.

ಪತ್ರವೇನೋ ಈಗ ಅಪರೂಪದ್ದಲ್ಲ. ಧರ್ಮಪಾಲ್ ಅವರು 1983ರಲ್ಲಿ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಇಡಿಯಾಗಿ ಅಚ್ಚು ಹಾಕಿಸಿದರು. ಅಂದಿನಿಂದ ಅದರ ಮೇಲೆ ಎರಡು ಪಂಗಡ. ನಮ್ಮಲ್ಲಿ ಊರೂರಿಗೂ ಶಾಲೆಯಿತ್ತು, ಇಂಗ್ಲಿಷರು ಕೆಡಿಸಿದರು ಎನ್ನುವವರು ಒಂದು ಕಡೆ. ಇದ್ದ ಶಾಲೆಗಳಲ್ಲಿ ಕಲಿಯುವಂಥದ್ದೇನಿತ್ತು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕ್ಯಾಂಬೆಲ್‌ನಿಂದಲೇ ಸಾಕ್ಷಿ ಎತ್ತುತ್ತಾರೆ. ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು, ಕೂಡ್ಲಿಗಿ ಕಡೆಯವಳು. ನನಗೆ ಅನ್ನಿಸಿರುವುದು ಇಷ್ಟು: ಈ ಪತ್ರವನ್ನು ಇತಿಹಾಸದವರು ಒಬ್ಬರೇ ಕೂತು ಓದಿದರೂ ಅರ್ಧ ಕಾಣುತ್ತದೆ, ಕನ್ನಡದವರು ಒಬ್ಬರೇ ಕೂತು ಓದಿದರೂ ಅರ್ಧ ಕಾಣುತ್ತದೆ. ಲೆಕ್ಕದವರು, ರಸಾಯನಶಾಸ್ತ್ರದವರು, ಕಂಬಳಿ ನೇಯುವವರು, ಅಕ್ಷರ ಬಾರದ ಅಜ್ಜಿಯರು ಎಲ್ಲರೂ ಬಂದು ಕೂತರೆ ಆಗ ಆ ಮಠಗಳು ಒಂದಿಷ್ಟು ಮೈದೋರುತ್ತವೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಓದುವ ಮಕ್ಕಳು 6,641. ಸಾವಿರಕ್ಕೆ ಏಳು ಮಂದಿಯೂ ಇಲ್ಲ ಎಂದು ಕ್ಯಾಂಬೆಲ್ ಕೊರಗುತ್ತಾನೆ. ಕನ್ನಡ ಕಲಿಸುವ ಶಾಲೆ 235, ತೆಲುಗಿನದು 226, ಮರಾಠಿಯದು 23, ಪಾರ್ಸಿಯದು 21, ತಮಿಳಿನದು 4, ಇಂಗ್ಲಿಷಿನದು ಒಂದೇ ಒಂದು; ಇವಲ್ಲದೆ ಬ್ರಾಹ್ಮಣರಿಗಷ್ಟೇ ಸಂಸ್ಕೃತ ಹೇಳಿಕೊಡುವ ಜಾಗ 23. ತೆಲುಗು ಕನ್ನಡಕ್ಕೆ ಇಷ್ಟು ಸರಿಸಮವಾಗಿ ನಿಂತಿದೆಯಲ್ಲ ಎಂದು ಇಂದಿನ ಓದುಗರು ಹುಬ್ಬೇರಿಸಬಹುದು. ಆಗಿನ ಬಳ್ಳಾರಿ ಜಿಲ್ಲೆ ಈಗಿನದಲ್ಲ. ಅನಂತಪುರ ಬೇರೆಯಾದದ್ದು 1882ರಲ್ಲಿ. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದದ್ದು 1953ರಲ್ಲಿ. ಒಂದೇ ಸಂತೆಯಲ್ಲಿ ಎರಡು ಮಾತು ನಡೆಯುತ್ತಿದ್ದ ನಾಡು ಅದು, ಈಗಲೂ ಅಲ್ಪಸ್ವಲ್ಪ ಹಾಗೆಯೇ. ಕನ್ನಡದ ಕಲಿಕೆಯ ಚರಿತ್ರೆಯನ್ನು ಕನ್ನಡವೊಂದನ್ನೇ ಹಿಡಿದು ಬರೆಯಲು ಹೊರಟವರು ಇಲ್ಲಿ ಮೊದಲ ಹೆಜ್ಜೆಗೇ ಎಡವುತ್ತಾರೆ.

ಹಾಗೆಂದು ಇದು ಬಳ್ಳಾರಿಯ ವಿಶೇಷವೂ ಅಲ್ಲ, ಹೊಸತೂ ಅಲ್ಲ. ಟಿ. ನರಸೀಪುರ ತಾಲ್ಲೂಕಿನ ಮಾಲಂಗಿಯಲ್ಲಿ (ತಲಕಾಡಿನ ಶಾಪದಲ್ಲಿ ಬರುವ ಅದೇ ಮಾಲಂಗಿ) ಹೊಯ್ಸಳರ ದಂಡನಾಯಕ ಪೆರುಮಾಳೆ 1290ರಲ್ಲಿ ಹಾಕಿಸಿದ ಶಾಸನವೊಂದಿದೆ. ವೇದಪಾಠಕ್ಕೆ ದತ್ತಿ ಬಿಡುವಾಗಲೇ, ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಓದಿಸುವ ಬಾಲಶಿಕ್ಷೆಯವರಿಗೂ ಅದರಲ್ಲಿ ಏರ್ಪಾಟು ಮಾಡಿದ್ದಾನೆ. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ಒಂದೇ ಊರಿನ ಮಕ್ಕಳಿಗೆ ಇಷ್ಟು ಬಗೆಯ ಓದು. ಇಂಥದ್ದನ್ನೆಲ್ಲ ಕಲ್ಲಿನಿಂದ ಎತ್ತಿ ಬದುಕಿನ ಚರಿತ್ರೆಯಾಗಿ ಓದುವುದನ್ನು ನನ್ನ ತಲೆಮಾರಿಗೆ ಕಲಿಸಿದ್ದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. 1966ರ ಆ ಪುಸ್ತಕಕ್ಕೆ ಮುಂಚೆ ನಮಗೆ ಶಾಸನವೆಂದರೆ ರಾಜರ ವಂಶಾವಳಿ, ಹೆಚ್ಚೆಂದರೆ ಹಳಗನ್ನಡದ ರೂಪಗಳು.

ಈಗ ಮಠದೊಳಕ್ಕೆ ಬರೋಣ. ಪತ್ರದಲ್ಲಿ ಶಾಲೆ ಎಂದಿದ್ದರೂ ನಮ್ಮ ಕಡೆ ಅದು ಕೂಲಿಮಠ, ಇಲ್ಲವೇ ಐಗಳ ಮಠ; ಐಗಳೆಂದರೆ ಮೇಷ್ಟರು. ಬೆಳಿಗ್ಗೆ ಆರಕ್ಕೆ ಶುರು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಇದನ್ನು ಓದಿದಾಗ ನನಗೆ ನಗು ಬಂತು, ಏಕೆಂದರೆ ನಮ್ಮ ಅಜ್ಜ ಇದನ್ನೇ ಹೇಳುತ್ತಿದ್ದ. ಅವನ ಕಾಲಕ್ಕೆ ಸರಸ್ವತಿ ಹೋಗಿ ಬರೀ 'ಶ್ರೀ' ಉಳಿದಿತ್ತು, ಸೊನ್ನೆಗೆ ಅವನು 'ಚುಕ್ಕಿ' ಅನ್ನುತ್ತಿದ್ದ. ಕ್ಯಾಂಬೆಲ್ ಬರೆದು ನೂರು ವರ್ಷದ ಹತ್ತಿರ ಆದಮೇಲೂ ಏಟಿನ ಲೆಕ್ಕ ಮಾತ್ರ ಬದಲಾಗಿರಲಿಲ್ಲ. ತಪ್ಪು ಮಾಡಿದವನ ಕೈಕಟ್ಟಿ ತೊಲೆಗೆ ತೂಗುಬಿಡುವ ಶಿಕ್ಷೆಯನ್ನೂ ಪತ್ರ ಹೇಳುತ್ತದೆ. ಅಜ್ಜನ ಬಾಯಲ್ಲಿ ಅದು ಕೋದಂಡ. ಬಸ್ಕಿಯ ವಿಷಯ ಬರೆಯುವಾಗ ಕ್ಯಾಂಬೆಲ್, ಇದು ನೋವಿನದಾದರೂ ಬಹುಶಃ ಆರೋಗ್ಯಕ್ಕೆ ಒಳ್ಳೆಯದು ಎಂದು ಸೇರಿಸುತ್ತಾನೆ. ಕಲೆಕ್ಟರನಿಗೆ ತಮಾಷೆಯೂ ಗೊತ್ತಿತ್ತು.

ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿ ಮಾಡಿ, ಕೆಳಗಿನವರನ್ನು ದೊಡ್ಡ ಹುಡುಗರ ಕೈಗೆ ಒಪ್ಪಿಸಿ, ಮೇಲಿನವರನ್ನು ಐಗಳು ತಾವೇ ನೋಡಿಕೊಳ್ಳುತ್ತಿದ್ದರು. ಅಕ್ಷರವನ್ನು ಬಾಯಲ್ಲಿ ಹೇಳಿಸಿ ಕಲಿಸುತ್ತಿರಲಿಲ್ಲ, ಮರಳಿನ ಮೇಲೆ ಬೆರಳಿಂದ ತಿದ್ದಿಸುತ್ತಿದ್ದರು. ಕ್ಯಾಂಬೆಲ್‌ಗೆ ಇವೆರಡೂ ಬಹಳ ಹಿಡಿಸಿದವು. ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿರುವುದು ತಕ್ಕದ್ದೇ ಎಂದು ಬರೆದ. ಅವನ ಮನಸ್ಸಿನಲ್ಲಿದ್ದದ್ದು ಆಂಡ್ರೂ ಬೆಲ್‌ನ ಪದ್ಧತಿ. ಮದರಾಸಿನ ಅನಾಥಾಲಯದಲ್ಲಿದ್ದಾಗ ಬೆಲ್ ಊರ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ, ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು. ಅದೇ ಸರಕು ಆಮೇಲೆ ಮಿಷನರಿ ಶಾಲೆಗಳ ಮೂಲಕ ಇಲ್ಲಿಗೇ ವಾಪಸ್ಸು ಬಂತು, ಹೊಸ ವಿದ್ಯೆಯೆಂಬ ಹೆಸರಿನಲ್ಲಿ.

ಮರಳು ಮುಗಿದ ಮೇಲೆ ಹಲಗೆ ಮತ್ತು ಕಡತ. ಕಂಟದಿಂದ ಓಲೆಯ ಮೇಲೆ ಬರೆಯುವುದೂ, ಲೆಕ್ಕಣಿಕೆಯಿಂದ ಕಾಗದದ ಮೇಲೆ ಬರೆಯುವುದೂ ಇತ್ತು. ಆದರೆ ಈ ಜಿಲ್ಲೆಯಲ್ಲಿ ಹೆಚ್ಚಾಗಿ ಬಳಸುವುದು ಹಲಗೆ, ಕಡತಗಳನ್ನೇ ಎನ್ನುತ್ತಾನೆ ಕ್ಯಾಂಬೆಲ್. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು, ಅನ್ನ ಮತ್ತು ಇದ್ದಿಲ ಪುಡಿ ಬಳಿದದ್ದು. ನಾವು ಸಣ್ಣವರಿದ್ದಾಗ ಇದ್ದಿಲು, ತೊಂಡೆಸೊಪ್ಪು ಅರೆದು ಶಾಲೆಯ ಬೋರ್ಡಿಗೆ ಬಳಿಯುತ್ತಿದ್ದೆವಲ್ಲ, ಅದೇ ವಂಶದ್ದು. ಕಡತದ ಮಾತೇ ಬೇರೆ. ಮಾರ್ಕ್ ವಿಲ್ಕ್ಸ್ 1810ರ ತನ್ನ ಮೈಸೂರು ಇತಿಹಾಸದಲ್ಲಿ ಅದನ್ನು ಅಳತೆ ಹಿಡಿದು ವರ್ಣಿಸಿದ್ದಾನೆ: ಎಂಟು ಅಂಗುಲದಿಂದ ಒಂದಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ, ಎರಡೂ ಮಗ್ಗುಲಿಗೆ ಇದ್ದಿಲು ಕಲಸಿದ ಅಂಟಿನ ಲೇಪ, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ ಎರಡು ತುದಿಗೂ ಮರದ ಪಟ್ಟಿ. ಬರೆಯುವುದು ಬಳಪದಿಂದ. ಮೈಸೂರು ಸೀಮೆಯ ವ್ಯಾಪಾರಿಗಳೆಲ್ಲ ಇದರಲ್ಲೇ ಲೆಕ್ಕ ಇಡುತ್ತಿದ್ದರಂತೆ. ಕಡತದಲ್ಲಿ ಬರೆದ ಸಾಲಪತ್ರವೊಂದನ್ನು ಸಾಕ್ಷಿಯಾಗಿ ಒಪ್ಪಿದ್ದನ್ನೂ ವಿಲ್ಕ್ಸ್ ಕಂಡಿದ್ದ. ಸರ್ಕಾರದ ಲೆಕ್ಕಕ್ಕೆ ಇದು ಕೂಡದು ಎಂದು ಟಿಪ್ಪು ನಿಷೇಧಿಸಿದ್ದ, ಅಳಿಸಿ ತಿದ್ದಬಹುದೆಂಬ ಭಯಕ್ಕೆ.

ಬರೆದದ್ದು ಇನ್ನೂರು ವರ್ಷ ನಿಲ್ಲುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕ್ಷಣದಲ್ಲಿ ಹೋಗುತ್ತದೆ. ಇದು ಹೇಗೆ ಎಂಬ ಕುತೂಹಲಕ್ಕೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸಹೋದ್ಯೋಗಿಯನ್ನು ಕೂಡಿಸಿಕೊಂಡು ಒಂದು ಕಡತ ಮಾಡಿ ನೋಡಿದೆವು. ಬಟ್ಟೆ, ಇದ್ದಿಲು ತೊಂದರೆ ಕೊಡಲಿಲ್ಲ. ಅಂಟು ಕೊಟ್ಟಿತು. ಹುಣಸೆ ಬೀಜದ ಅಂಟು ಎಂಬುದು ಪುಸ್ತಕದಿಂದ ಗೊತ್ತಿತ್ತು, ಆದರೆ ದಪ್ಪ ಬಳಿದರೆ ಮಡಿಕೆಯಲ್ಲಿ ಬಿರಿಯುತ್ತದೆ, ತೆಳ್ಳಗೆ ಬಳಿದರೆ ಬಳಪ ನೂಲಿಗೆ ಸಿಕ್ಕಿಕೊಳ್ಳುತ್ತದೆ. ದಾರಿ ತೋರಿಸಿದವನು ಕಂಬಳಿ ನೇಯುವ ಕುರುಬರ ಹಿರಿಯ. ನಮ್ಮ ಸೀಮೆಯಲ್ಲಿ ಕಂಬಳಿಯ ಹಾಸುನೂಲಿಗೆ ಇಂದಿಗೂ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಮರದ ಸೌಟಿನಿಂದ ಕೈಬಿಡದೆ ತಿರುವುತ್ತ ಕುದಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿದ ಅಂಟನ್ನು ಅವನು ನಮ್ಮೆದುರು ಬೆರಳಲ್ಲಿ ಎಳೆದು ನೋಡಿದ. ಎಳೆ ಕಡಿಯದೆ ಗೇಣುದ್ದ ಬರಬೇಕು. "ಒಂದೇ ಸಲಕ್ಕೆ ಬಳದ್ರ ಆಗಂಗಿಲ್ರೀ ಮೇಡಂ, ನೆರಳಾಗ ಒಣಗ್ಸಿ ಮ್ಯಾಲೆ ಮ್ಯಾಲೆ ಕೊಡ್ಬೇಕು" ಎಂದ. ಹಾಗೇ ಮಾಡಿದೆವು, ನಿಂತಿತು. ಆಮೇಲೆ ನಮ್ಮ ರಸಾಯನಶಾಸ್ತ್ರದವರು, ಹುಣಸೆ ಬೀಜದ ಅಂಟು ಒಣಗಿದಾಗ ಪೊರೆಯಾಗಿ ಇದ್ದಿಲನ್ನು ಹಿಡಿದುಕೊಳ್ಳುತ್ತದೆ, ಬಳಪದ ಪುಡಿ ಮಾತ್ರ ಆ ಪೊರೆಯ ಮೇಲೆ ಕೂತಿರುತ್ತದೆ ಎಂದು ವಿವರಿಸಿದರು. ಬಳಪವೂ ಸಾಮಾನ್ಯದ್ದಲ್ಲ. ಬೇಲೂರು ಹಳೇಬೀಡಿನ ಶಿಲ್ಪಿಗಳು ಕೆತ್ತಿದ್ದು ಅದೇ ಜಾತಿಯ ಕಲ್ಲನ್ನು; ಉಗುರಿಗೇ ಗೀರು ಬೀಳುವಷ್ಟು ಮೆದು. ಮಕ್ಕಳ ಕೈಗೆ ಬಂದ ಬಳಪದ ಹಿಂದೆ ಕಲ್ಲಿನವನೂ, ಅವರು ಬರೆದ ಬಟ್ಟೆಯ ಹಿಂದೆ ನೇಯ್ಗೆಯವನೂ ಇದ್ದರು ಎಂಬುದು ಸಾಹಿತ್ಯ ಚರಿತ್ರೆಯ ಯಾವ ಸಂಪುಟದಲ್ಲಿದೆ ಹೇಳಿ? ನಮ್ಮ ಸಂಶೋಧನಾ ವಿದ್ಯಾರ್ಥಿಯೊಬ್ಬಳು ಇದನ್ನೇ ವಿಷಯವಾಗಿ ತೆಗೆದುಕೊಳ್ಳಬೇಕೆಂದಾಗ, ಇದು ಕನ್ನಡದ ವಿಷಯವಲ್ಲ ಎಂಬ ಷರಾ ಬರೆದು ಅರ್ಜಿ ವಾಪಸ್ಸು ಕಳಿಸಿದರು. ಎಲ್ಲಿಂದ ಎಂಬುದು ಬೇಡ.

ಅಕ್ಷರ, ಕಾಗುಣಿತ, ಒತ್ತಕ್ಷರ ಆದಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು ಬರೆಯಿಸುತ್ತಿದ್ದರು, ಆಮೇಲೆ ಲೆಕ್ಕ. ಇಲ್ಲಿ ಕ್ಯಾಂಬೆಲ್ ಒಂದು ಸೂಕ್ಷ್ಮ ಗಮನಿಸಿದ್ದಾನೆ. ಇವರ ಭಿನ್ನರಾಶಿ ಹತ್ತರಿಂದ ಇಳಿಯುವುದಿಲ್ಲ, ನಾಲ್ಕರಿಂದ ಇಳಿಯುತ್ತದೆ. ಬಹಳ ದೂರದ ತನಕ ಇಳಿಯುತ್ತದೆ. ಅದಕ್ಕೆ ಐಗಳು ವಿಶೇಷ ಶ್ರಮ ತೆಗೆದುಕೊಳ್ಳುತ್ತಾರೆ ಎಂದು. ಒಂದರ ನಾಲ್ಕನೇ ಒಂದು ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಇಡೀ ಸಂತೆಯೇ ನಾಲ್ಕರ ಮೇಲೆ ನಿಂತಿದ್ದಾಗ ಮಠ ಬೇರೇನು ಕಲಿಸೀತು? ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದದ್ದೂ ಇಂಥ ಬದುಕಿಗಾಗಿಯೇ, ಅದೂ ಪದ್ಯದಲ್ಲಿ, ನೆನಪಿನಲ್ಲಿ ನಿಲ್ಲಲಿ ಎಂದು. ಕನ್ನಡ ವಿಭಾಗದಲ್ಲಿ ನಾವು ರಾಜಾದಿತ್ಯನ ಹೆಸರು, ಕಾಲ, ಕೃತಿ ಹೇಳಿ ಮುಂದೆ ಹೋಗುತ್ತಿದ್ದೆವು. ಅವನ ಒಂದು ಲೆಕ್ಕವನ್ನೂ ಬಿಡಿಸುತ್ತಿರಲಿಲ್ಲ. ಲೆಕ್ಕದ ವಿಭಾಗದವರಿಗೆ ಹಳಗನ್ನಡ ಬಾರದು. ಹೀಗೆ ಒಬ್ಬ ಕವಿ ಎರಡು ಮನೆಯ ನಡುವೆ ಉಪವಾಸ.

ಈ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಒಬ್ಬ ದೊಡ್ಡ ಹುಡುಗನ ಹಿಂದೆ ಕೂಗಿ ಒಪ್ಪಿಸುತ್ತಿದ್ದರೆಂದು ಪತ್ರ ಹೇಳುತ್ತದೆ. ಇದರ ಇನ್ನೊಂದು ಮಗ್ಗುಲು ನನಗೆ ತಿಳಿದದ್ದು ತಾಯಿಯ ತಾಯಿಯಿಂದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹತ್ತಿ ಕೊಳ್ಳಲು ಬಂದ ದಲಾಲಿ ಬಾಯಿ ಬಿಡುವುದರೊಳಗೆ ಹದಿಮೂರರ ಮುಕ್ಕಾಲು ಒಂಬತ್ತೂ ಮುಕ್ಕಾಲು ಎಂದು ಎಸೆದುಬಿಡುತ್ತಿದ್ದಳು. ಎಲ್ಲಿ ಕಲಿತೆ ಅಮ್ಮಾ ಎಂದರೆ, "ನಮ್ಮನಿ ಹಿತ್ತಲ ಗ್ವಾಡಿ ಆಚೀಗೆ ಐಗಳ ಮಠ ಇತ್ತವ್ವಾ. ಹುಡುಗ್ರು ಮುಂಜಾಲೆ ಒಮ್ಮೆ, ಸಂಜೀಕ ಒಮ್ಮೆ ಒದರತಿದ್ರು. ನಾ ರೊಟ್ಟಿ ಬಡೀತ ಕೇಳ್ತಿದ್ದೆ, ಬಂತು" ಎನ್ನುತ್ತಿದ್ದಳು. ಮಠದ ಬಾಗಿಲು ಅವಳಿಗೆ ತೆರೆದಿರಲಿಲ್ಲ, ಮಠದ ಗದ್ದಲಕ್ಕೆ ಗ್ವಾಡಿ ಅಡ್ಡ ಬರಲಿಲ್ಲ. ಬಳ್ಳಾರಿ ಜಿಲ್ಲೆಯ 6,641 ಮಕ್ಕಳಲ್ಲಿ ಹುಡುಗಿಯರು 60 ಮಂದಿ: ಬ್ರಾಹ್ಮಣರ ಇಬ್ಬರು, ವೈಶ್ಯರ ಒಬ್ಬಳು, ಶೂದ್ರರ 26, ಇತರೆ ಜಾತಿಗಳ 31. ಬೇರೆ ಕೆಲವು ಜಿಲ್ಲೆಗಳ ವರದಿಗಳಲ್ಲಿ, ಓದುವ ಹೆಣ್ಣುಮಕ್ಕಳೆಂದರೆ ಹೆಚ್ಚಾಗಿ ದೇವಸ್ಥಾನದ ನರ್ತಕಿಯರು ಎಂಬ ಮಾತೂ ಇದೆ. ಈ 60 ಎಂಬ ಅಂಕಿಯನ್ನು ಯಾರೂ ಸಿಂಗರಿಸಲು ಹೋಗಬಾರದು. ಆದರೆ ಹೆಣ್ಣುಮಕ್ಕಳಿಗೆ ಏನೇನು ಗೊತ್ತಿತ್ತು ಎಂಬುದಕ್ಕೂ ಅದೇ ಲೆಕ್ಕ ಎಂದು ತಿಳಿದರೆ, ಗೋಡೆಯಾಚೆ ಕಲಿತವರು ಯಾವ ಕಾಲಂನಲ್ಲೂ ಬರುವುದಿಲ್ಲ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದು ಆಣೆ ಹೋದಮೇಲೆ ನಮ್ಮ ಅಜ್ಜಿಯ ಮುಕ್ಕಾಲು ಮಗ್ಗಿಗೆ ಕೆಲಸ ಕಡಿಮೆಯಾಯಿತು. ದಶಮಾನ ಪದ್ಧತಿಯನ್ನು ಅವಳು ಸಾಯುವ ತನಕ ಬೈದಳು.

ಗಂಡುಮಕ್ಕಳ ಕೋಷ್ಟಕವೂ ಮಾತಾಡುತ್ತದೆ. ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರೆ ಜಾತಿಯವರು 1,174. ಮುಸಲ್ಮಾನ ಮಕ್ಕಳು 243. ಮಠವೆಂದರೆ ಬ್ರಾಹ್ಮಣರದ್ದು ಎಂಬ ನಂಬಿಕೆ ಇದರ ಮುಂದೆ ನಿಲ್ಲುವುದಿಲ್ಲ. ಹಾಗೆಯೇ, 'ಇತರೆ ಜಾತಿ' ಎಂಬ ಕಾಲಂನೊಳಗೆ ಊರ ಹೊರಗಿನ ಕೇರಿಯವರು ಇದ್ದರೋ ಇಲ್ಲವೋ ಎಂಬುದನ್ನು ಕೋಷ್ಟಕ ಬಾಯಿಬಿಡುವುದಿಲ್ಲ. ಹೆಮ್ಮೆಯಿಂದ ಮೊದಲ ಮಾತನ್ನು ಹೇಳುವವರು ಎರಡನೆಯದನ್ನು ನುಂಗಬಾರದು.

ನನಗೆ ಕ್ಯಾಂಬೆಲ್‌ನ ಜೊತೆ ಜಗಳವಿರುವುದು ಪುಸ್ತಕಗಳ ವಿಷಯದಲ್ಲಿ. ರಾಮಾಯಣ, ಭಾರತ, ಭಾಗವತ ಎಲ್ಲ ಜಾತಿಯವರೂ ಓದುತ್ತಾರೆ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ, ಕಾಳಿಕಾ ಮಾಹಾತ್ಮ್ಯ. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಚನ್ನಬಸವಪುರಾಣ, ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯ, ಅನುಭವಾಮೃತ. ಮನರಂಜನೆಗೆ ಪಂಚತಂತ್ರ, ಬೇತಾಳನ ಕಥೆ. ವ್ಯಾಕರಣಕ್ಕೆ ಶಬ್ದಮಣಿದರ್ಪಣ, ನಿಘಂಟು, ಅಮರ. ಹಸ್ತಪ್ರತಿಗಳ ಬೆಲೆ ಹೆಚ್ಚು, ಐಗಳು ಬಡವರು, ಆದ್ದರಿಂದ ವ್ಯಾಕರಣದ ಪುಸ್ತಕಗಳೇ ಎಲ್ಲಕ್ಕಿಂತ ಅಪರೂಪ ಎಂದೂ ಹೇಳುತ್ತಾನೆ. ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿರುವುದರಿಂದ ಪಟ್ಟಿಯ ಒಂದೆರಡು ಹೆಸರು ಇಂದಿಗೂ ಬಿಡಿಸಲಾಗದ ಒಗಟು. ಆದರೂ ಎಂಥ ಪಟ್ಟಿ! ಹರಿಹರ ಗಿರಿಜಾಕಲ್ಯಾಣ ಬರೆದದ್ದು ಕ್ಯಾಂಬೆಲ್ ಕಾಲಕ್ಕೆ ಇದೇ ಜಿಲ್ಲೆಯಲ್ಲಿದ್ದ ಹಂಪೆಯಲ್ಲಿ. ಭೀಮಕವಿಯ ಬಸವಪುರಾಣ 1369ರದ್ದು, ವಿರೂಪಾಕ್ಷ ಪಂಡಿತನ ಚನ್ನಬಸವಪುರಾಣ 1584ರದ್ದು. ಇಂದು ಎಂ.ಎ. ತರಗತಿಯಲ್ಲಿ ಹುಡುಗರು ಹೆದರುವ ಕೃತಿಗಳು ಇವು.

ಇಲ್ಲೇ ಕ್ಯಾಂಬೆಲ್ ತೀರ್ಪು ಕೊಡುವುದು. ಈ ಕಾವ್ಯಗಳ ಭಾಷೆ ಆಡುವ, ಬರೆಯುವ ಭಾಷೆಗಿಂತ ಬೇರೆ. ಹೇಳಿಕೊಡುವವರಲ್ಲೇ ಅರ್ಥ ಬಲ್ಲವರು ಕಡಿಮೆ. ಹುಡುಗರು ಗಿಣಿಗಳ ಹಾಗೆ ಒಪ್ಪಿಸುತ್ತಾರೆ, ಅಷ್ಟೇ. ಗಿಣಿಯ ಉಪಮೆ ಅವನದೇ. ಆರರಿಂದ ಸಂಜೆಯ ತನಕ ಮಠದೊಳಗೆ ಕೂತು ನೋಡಿದರೆ ಅವನು ಹೇಳಿದ್ದು ಸರಿ. ಕಲಿಕೆ ಮಠದಲ್ಲೇ ಮುಗಿಯುತ್ತದೆ ಎಂದುಕೊಂಡದ್ದು ಸರಿಯಲ್ಲ. ಶಾಲೆಗಳ ಲೆಕ್ಕ ಕೇಳಿದ ಸರ್ಕಾರಕ್ಕೆ ಶಾಲೆಯಷ್ಟೇ ಕಂಡದ್ದು ಸಹಜವೇ.

ನಮ್ಮ ಸೀಮೆಯಲ್ಲಿ ಶ್ರಾವಣ ಬಂದರೆ ಇಂದಿಗೂ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ, ತಿಂಗಳುಗಟ್ಟಲೆ ನಡೆಯುತ್ತದೆ. ನವರಾತ್ರಿಗೆ ಮನೆಮನೆಯಲ್ಲಿ ಚಿದಾನಂದಾವಧೂತರ ದೇವೀಪುರಾಣದ ಪಾರಾಯಣ. ಸುಗ್ಗಿ ಮುಗಿದರೆ ಬಯಲಾಟ. ಅಕ್ಷರ ಬಾರದ ಒಕ್ಕಲಿಗ ಭೀಮನಾಗಿ ರಾತ್ರಿಯಿಡೀ ಪದ್ಯ, ವಚನ ಹೇಳುತ್ತಾನೆ, ಮಾಸ್ತರು ತಿಂಗಳಾನುಗಟ್ಟಲೆ ಬಾಯಲ್ಲೇ ಕಲಿಸಿದ್ದು. ತೊಗಲುಗೊಂಬೆಯವರು ಬೇರೆ. ಮಹಾನವಮಿಯಲ್ಲಿ ಮಠದ ಹುಡುಗರೇ ಚೌಪದ ಹಾಡುತ್ತ ಮನೆಮನೆಗೆ ಹೋಗಿ ಐಗಳಿಗೆ ಕಾಣಿಕೆ ಕೂಡಿಸುತ್ತಿದ್ದರು. ಹತ್ತು ವರ್ಷದವನಿದ್ದಾಗ ಮಠದಲ್ಲಿ ಶಬ್ದವಾಗಿ ಬಾಯಿಗೆ ಬಂದ ಚನ್ನಬಸವಪುರಾಣ ಇಪ್ಪತ್ತೈದರಲ್ಲಿ ಗುಡಿಯ ಕಟ್ಟೆಯ ಮೇಲೆ ಅರ್ಥವಾಗಿ ಕಿವಿಗೆ ಬೀಳುತ್ತಿತ್ತು. ಆಗ ಅವನಿಗೆ ಪದ್ಯ ಮೊದಲೇ ಗೊತ್ತಿರುತ್ತಿದ್ದುದರಿಂದ ಅರ್ಥ ಹೇಳುವವನು ಎಲ್ಲಿ ತಪ್ಪಿದರೂ ಹಿಡಿಯುತ್ತಿದ್ದ. ನಮ್ಮ ಅಜ್ಜ ಪುರಾಣದಲ್ಲಿ ಹೀಗೆ ತಪ್ಪು ಹಿಡಿದು ಎದ್ದು ಬಂದು, ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೂ ಅದೇ ವಾದ ಮುಂದುವರಿಸುತ್ತಿದ್ದ. ಮಠ, ಗುಡಿ, ಬಯಲು ಈ ಮೂರನ್ನೂ ಸೇರಿಸಿದರೆ ಒಂದು ಶಿಕ್ಷಣ. ಕ್ಯಾಂಬೆಲ್‌ಗೆ ಸಿಕ್ಕದ್ದು ಮೂರರಲ್ಲಿ ಒಂದು. ಅವನ ಮಾತನ್ನು ಹಿಡಿದು ಹಳೆಯ ಕಲಿಕೆಯೆಲ್ಲ ಉರುಹೊಡೆಯುವಿಕೆ ಎನ್ನುವ ಶಿಕ್ಷಣತಜ್ಞರಿಗೆ ಮಿಕ್ಕ ಎರಡೂ ಸಿಕ್ಕಿಲ್ಲ, ಏಕೆಂದರೆ ಒಂದು ಧಾರ್ಮಿಕ ಅಧ್ಯಯನದವರ ಪಾಲು, ಇನ್ನೊಂದು ಜಾನಪದದವರ ಪಾಲು.

ಮಠದ ಇನ್ನೊಂದು ಪಾಠವನ್ನು ಮಾತ್ರ ಕ್ಯಾಂಬೆಲ್ ಚೆನ್ನಾಗಿ ಕಂಡಿದ್ದಾನೆ. ಐಗಳು ಎಲ್ಲೆಲ್ಲಿಂದಲೋ ಬಗೆಬಗೆಯ ಕೈಬರಹದ ಕಾಗದಗಳನ್ನು, ಸರ್ಕಾರಿ ಪತ್ರಗಳನ್ನು ಕೂಡಿಸಿಟ್ಟು ಮಕ್ಕಳಿಂದ ಓದಿಸುತ್ತಿದ್ದರು. ಕಾಗದ ಬರೆಯುವುದು, ಕರಾರುಪತ್ರದ ನಮೂನೆ ಕಲಿಸುತ್ತಿದ್ದರು. ಊರಿನ ಹುಡುಗ ಶಾನುಭೋಗನ ಗೀಚು ಬಿಡಿಸಿದರೇ ತಾನೇ ಹೊಲ ಉಳಿದೀತು! ಕಾವ್ಯಕ್ಕೂ ಕರಾರಿಗೂ ಒಂದೇ ಹಲಗೆ.

ಆ ಮಠಗಳು ಏಕೆ ಸೊರಗಿದವು ಎಂಬುದಕ್ಕೆ ಅವನು ಕೊಟ್ಟ ಉತ್ತರ ಅವನ ಮೇಲಿನವರಿಗೆ ರುಚಿಸಿರಲಾರದು. ಜನ ಬಡವಾಗಿದ್ದಾರೆ, ವಿಲಾಯತಿ ಬಟ್ಟೆ ಬಂದು ನೇಕಾರರ ಕೈ ಬರಿದಾಗಿದೆ, ಮಕ್ಕಳಿಗೆ ಓದಿಸುವ ಶಕ್ತಿ ಎಷ್ಟೋ ಮನೆಗಳಲ್ಲಿ ಇಲ್ಲ, ಈ 533ರಲ್ಲಿ ಒಂದಕ್ಕೂ ಸರ್ಕಾರದಿಂದ ಬಿಡಿಗಾಸು ಇಲ್ಲ ಎನ್ನಲು ನಾಚಿಕೆಯಾಗುತ್ತದೆ ಎಂದು ಬರೆದ. ಮನ್ರೋ 1826ರ ಮಾರ್ಚ್ 10ರಂದು ಎಲ್ಲ ಜಿಲ್ಲೆಗಳ ಲೆಕ್ಕ ಕೂಡಿಸಿದ: ಮದರಾಸು ಪ್ರಾಂತದಲ್ಲಿ 12,498 ಶಾಲೆ, 1,88,650 ಮಕ್ಕಳು. ಹಳೆಯ ಶಾಲೆಗಳನ್ನು ಇಂಗ್ಲಿಷರು ಕೆಡಿಸಿದರೆಂದು ಗಾಂಧೀಜಿ 1931ರಲ್ಲಿ ಲಂಡನ್ನಿನಲ್ಲಿ ಎಬ್ಬಿಸಿದ ವಾದ, ಫಿಲಿಪ್ ಹಾರ್ಟಾಗ್ ಅದಕ್ಕೆ ಎದುರು ಬಿದ್ದದ್ದು, ಅದೆಲ್ಲ ಈ ಅಂಕಿಗಳ ಸುತ್ತಲಿನ ಮುಂದಿನ ಕಥೆ. ಅದನ್ನು ಬೇಕಾದಷ್ಟು ಜನ ಬರೆದಿದ್ದಾರೆ.

ಬರೆಯದೆ ಉಳಿದಿರುವುದು ಮನೆಗಳ ಅಟ್ಟದಲ್ಲಿದೆ. ಶೃಂಗೇರಿ ಮಠದ ಕಡತಗಳು ವಿದ್ವಾಂಸರ ಕೈಗೆ ಬಂದು ಚರಿತ್ರೆಯಾದವು. ಹಳ್ಳಿಯ ಅಂಗಡಿಗಳ, ಐಗಳ ಮನೆಗಳ ಕಡತಗಳಿಗೆ ಆ ಭಾಗ್ಯವಿಲ್ಲ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಕಡೆಯ ಓದುಗರಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಕಪ್ಪು ಬಟ್ಟೆಯ ಮಡಿಕೆ, ಓಲೆಗರಿ, ಹಳೆಯ ಕೈಬರಹದ ಪುರಾಣ ಸಿಕ್ಕರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದವರಿಗೆ ತಿಳಿಸಿ. ಪುಸ್ತಕದ ಜೊತೆ ಅದನ್ನು ಸುತ್ತಿದ್ದ ಬಟ್ಟೆ, ಹಲಗೆ, ಕಂಟ, ಬಳಪದ ಚೂರು ಇದ್ದರೂ ಎಸೆಯಬೇಡಿ. ಎಂಬತ್ತು ದಾಟಿದ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಕಾಲು ಮಗ್ಗಿ ಬರುತ್ತದೆಯೇ, ಯಾರು ಹೇಳಿಕೊಟ್ಟರು ಎಂದು ಕೇಳಿ ಮೊಬೈಲಿನಲ್ಲಿ ಹಿಡಿದಿಡಿ. ಇನ್ನೊಂದು ಮಾತು: ಕಡತಕ್ಕೆ ಧೂಳು ಹಿಡಿದಿದೆಯೆಂದು ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡಿ, ಒರೆಸಿದರೆ ಬರಹವೂ ಹೋಗುತ್ತದೆ.